‘ನೀರು ನಿಮ್ಮ ಬದುವಿಗೆ ಬಂದು ನಿಲ್ಲುತ್ತೆ’ ಅಂದವರ ಮಾತು ನಂಬಬೇಕಾ?

ಪ್ರಶ್ನೆ: ನಮ್ಮದು ಬೀಳಗಿ ತಾಲ್ಲೂಕು, ಹಿನ್ನೀರಿನ ದಡದ ಹಳ್ಳಿ. ನನಗೆ 46 ವರ್ಷ, ತವರು ಗುಳೇದಗುಡ್ಡ. ಮೂರು ಎಕರೆ ಕಬ್ಬು, ಒಂದು ಹಳೇ ಮನೆ, ಎರಡು ಎಮ್ಮೆ ಇವೆ. ಆಲಮಟ್ಟಿ ಡ್ಯಾಮ್ ಎತ್ತರ ಮಾಡಿದರೆ ಹೊಲ, ಮನೆ, ನಮ್ಮ ಚಿಕ್ಕ ಪ್ರಾರ್ಥನಾ ಮಂದಿರ, ಮಾವನವರ ಸಮಾಧಿ ಎಲ್ಲಾ ಮುಳುಗಡೆ ಅಂತಾರೆ. ಹೊಸ ವರ್ಷದ ರಾತ್ರಿ ನಮಗೆ ಬಂದ ವಾಗ್ದಾನ ಚೀಟಿ (ವರ್ಷಕ್ಕೊಂದು ಅಂತ ತೆಗೆಯೋ ಬೈಬಲ್ ವಚನ) ಯೆರೆಮೀಯ 29:11. ಆಮೇಲೆ ಬೇರೆ ಊರಿಂದ ಬಂದ ಒಬ್ಬ ಪ್ರಸಂಗಿ ನಮ್ಮ ಯಜಮಾನರ ತಲೆ ಮೇಲೆ ಕೈಯಿಟ್ಟು, “ನೀರು ನಿಮ್ಮ ಬದುವಿಗೆ ಬಂದು ನಿಲ್ಲುತ್ತೆ, ದೇವರು ನನಗೆ ತೋರಿಸಿದ್ದಾರೆ, ಸರ್ಕಾರದ ಕಾಗದಕ್ಕೆ ಸಹಿ ಹಾಕೋದು ಅಪನಂಬಿಕೆ” ಅಂದರು. ವಿಶ್ವಾಸದ ಕಾಣಿಕೆ ಅಂತ 20 ಸಾವಿರ ಕೊಟ್ಟೆವು. ಅಂದಿನಿಂದ ಇವರು ಯಾವ ನೋಟಿಸನ್ನೂ ಮುಟ್ಟುತ್ತಿಲ್ಲ, ಅಳತೆಗೆ ಬಂದ ದಿನ ಹೊಲಕ್ಕೂ ಹೋಗಲಿಲ್ಲ. ಮಗ ಬೆಂಗಳೂರಿಗೆ ಬನ್ನಿ ಅಂತಾನೆ. 74 ವರ್ಷದ ಅತ್ತೆ ಊಟ ಕಡಿಮೆ ಮಾಡಿದ್ದಾರೆ, “ನಿನ್ನ ಮಾವನ್ನ ನೀರಾಗ ಬಿಟ್ಟು ಹೋಗೂದೇನು?” ಅಂತ ಕೇಳುತ್ತಾರೆ. ನನಗೆ ತಿಂಗಳಿಂದ ರಾತ್ರಿ ಮೂರಕ್ಕೆ ಎಚ್ಚರ. ಪ್ರಾರ್ಥನೆ ಬಾಯಿಗೇ ಬರುತ್ತಿಲ್ಲ. ನನ್ನ ನಂಬಿಕೆ ಸತ್ತು ಹೋಯಿತಾ?

ಉತ್ತರ:

ತಂಗೀ, ಮೊದಲು ಆ ರಾತ್ರಿ ಮೂರು ಗಂಟೆಯ ವಿಷಯ ಮಾತಾಡೋಣ.

ನಿದ್ದೆ ಒಡೆಯೋದು, ಎದೆ ಡವಡವ ಅನ್ನೋದು, ಬೈಬಲ್ ಬಿಚ್ಚಿದರೆ ಅಕ್ಷರ ತಲೆಗೆ ಹತ್ತದೇ ಇರೋದು, ಇದನ್ನೆಲ್ಲ ನೀವು ನಂಬಿಕೆ ಸತ್ತ ಗುರುತು ಅಂದುಕೊಂಡಿದ್ದೀರಿ. ನಾನು 24 ವರ್ಷದಿಂದ ಸಭಾಪಾಲಕ, ಈಗ ವಿಜಯಪುರದಲ್ಲಿದ್ದೇನೆ, ಕುಟುಂಬಗಳಿಗೆ ಸಮಾಲೋಚನೆ ಮಾಡೋದೂ ನನ್ನ ಕೆಲಸವೇ. ಈ ಲಕ್ಷಣಗಳನ್ನ ಹೊತ್ತುಕೊಂಡು ಬರುವವರಲ್ಲಿ ಜಾಸ್ತಿ ಜನ ಸಭೆಯಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕೆಲಸ ಮಾಡೋ ಹೆಣ್ಣುಮಕ್ಕಳು. ಅವರ ನಂಬಿಕೆಗೆ ಏನೂ ಆಗಿರೋದಿಲ್ಲ, ಮೈ ದಣಿದಿರುತ್ತದೆ ಅಷ್ಟೇ. ಎಲೀಯ ನೆನಪಿದ್ದಾನಲ್ಲ, ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದವನು, ಆಮೇಲೆ ಒಂದು ಗಿಡದ ಕೆಳಗೆ ಬಿದ್ದುಕೊಂಡು ಸಾವು ಕೊಡು ಅಂದವನು. ದೇವದೂತ ಬಂದು ಅವನಿಗೆ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ ಕೊಟ್ಟ, ನೀರು ಕೊಟ್ಟ. ಎಲೀಯ ತಿಂದು ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಮತ್ತೆ ರೊಟ್ಟಿ ಕೊಟ್ಟ. ‘ನಿನ್ನ ನಂಬಿಕೆ ಎಲ್ಲಿ ಹೋಯಿತು’ ಅನ್ನೋ ಮಾತು ಆ ಅಧ್ಯಾಯದಲ್ಲಿ ಎಲ್ಲೂ ಇಲ್ಲ.

ಎರಡು ವಾರ ದಾಟಿ ನಿದ್ದೆ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಬೇಕು, ನಿಮಗೆ ಆಗಲೇ ತಿಂಗಳಾಗಿದೆ. ಬೀಳಗಿಗೋ ಬಾಗಲಕೋಟೆಗೋ ಹೋಗಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ, ವಯಸ್ಸಾದವರು ಊಟ ಬಿಟ್ಟರೆ ದುಃಖ ಅಂತ ಸುಮ್ನೆ ಕೂರಬಾರದು, ಬಿಪಿ, ಶುಗರ್, ಹಲ್ಲು ಎಲ್ಲಾ ನೋಡಿಸಬೇಕು. ಹೊರಗೆ ಹೋಗೋಕೆ ಸಂಕೋಚ ಆದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ಗೆ ನಾನೇ ಎಷ್ಟೋ ಸಭೆಯವರನ್ನ ಕರೆದುಕೊಂಡು ಹೋಗಿದ್ದೇನೆ. ಮಾತ್ರೆ ನುಂಗಿದರೆ ದೇವರ ಮೇಲೆ ಭರವಸೆ ಇಲ್ಲ ಅಂತಾಗುತ್ತಾ ಅಂತ ಅವರಲ್ಲೂ ಕೆಲವರು ಕೇಳುತ್ತಾರೆ. ಕನ್ನಡಕ ಹಾಕಿಕೊಂಡೇ ಕೇಳುತ್ತಾರೆ!

ಇನ್ನು ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಒಂದಕ್ಕೊಂದು ಸುತ್ತಿಕೊಂಡಿವೆ. ಊರು ಮುಳುಗುತ್ತಾ? ಮುಳುಗಲ್ಲ ಅಂತ ದೇವರು ಹೇಳಿದ್ದು ನಿಜವಾ? ಸಹಿ ಹಾಕೋದು ಪಾಪವಾ? ಮಾವನವರನ್ನ ಏನು ಮಾಡೋದು? ಒಂದೊಂದಾಗಿ ಬಿಡಿಸಿ ನೋಡಬೇಕು, ಇಲ್ಲಾಂದರೆ ಒಂದರ ಭಯ ಇನ್ನೊಂದಕ್ಕೆ ಹತ್ತುತ್ತದೆ.

ಮೊದಲನೆಯದು ನನ್ನ ಕಸುಬಲ್ಲ, ಆದರೂ ಎಲ್ಲರಿಗೂ ಗೊತ್ತಿರೋದನ್ನ ಹೇಳುತ್ತೇನೆ. ಆಲಮಟ್ಟಿಗೆ ಅಡಿಗಲ್ಲು ಬಿದ್ದಿದ್ದು 1964ರಲ್ಲಿ, ಕಟ್ಟಿ ಮುಗಿದಿದ್ದು 2005ರಲ್ಲಿ. ಈಗ ನೀರು ನಿಲ್ಲಿಸೋ ಮಟ್ಟ 519.60 ಮೀಟರ್. ಅದನ್ನ 524.256 ಮೀಟರಿಗೆ ಏರಿಸಬಹುದು ಅಂತ ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. ಅಲ್ಲಿಂದ ವ್ಯಾಜ್ಯ, ಮಹಾರಾಷ್ಟ್ರದ ತಕರಾರು, ಪರಿಹಾರದ ಲೆಕ್ಕ, ಹೀಗೇ ವರ್ಷಗಳು ಉರುಳಿವೆ. ಹಾಗಾಗಿ ನಿಮ್ಮ ಬದುವಿಗೆ ನೀರು ಯಾವ ವರ್ಷ ಬರುತ್ತೆ ಅಂತ ಇವತ್ತು ಯಾರಾದರೂ ತಾರೀಖು ಹಿಡಿದು ಹೇಳಿದರೆ, ಅಧಿಕಾರಿ ಇರಲಿ, ಪ್ರಸಂಗಿ ಇರಲಿ, ನಾನಂತೂ ನಂಬೋದಿಲ್ಲ.

ನಿಮ್ಮನ್ನ ತಿನ್ನುತ್ತಿರೋದು ಈ ಕಾಯೋದೇ. ಪ್ರವಾಹ ಒಂದು ರಾತ್ರಿ ಬಂದು ಹೋಗುತ್ತದೆ. ಅಳುತ್ತೇವೆ, ಕೆಸರು ಬಳಿಯುತ್ತೇವೆ, ಮುಗಿಯುತ್ತದೆ. ಮುಳುಗಡೆ ಹಾಗಲ್ಲ, ಮುಳುಗೋಕೆ ಇಪ್ಪತ್ತು ವರ್ಷ ಮೊದಲೇ ಊರನ್ನ ಮುಳುಗಿಸುತ್ತದೆ. ಹಿನ್ನೀರಿನ ಹಳ್ಳಿಗಳಲ್ಲಿ ನಾನು ಕಂಡಿದ್ದೇನೆ, ಗೋಡೆಗೆ ಸುಣ್ಣ ಹೊಡೆಯೋದಿಲ್ಲ, ಮಾಳಿಗೆ ಸೋರಿದರೆ ತಗಡು ಹಾಕಿಸೋದಿಲ್ಲ, ಮಾವಿನ ಸಸಿ ನೆಡೋದಿಲ್ಲ. ಹೆಂಗೂ ಹೋಗೂದೈತಲ್ಲ ಅಂತಾರೆ. ಕೆಟ್ಟ ಸುದ್ದಿಯನ್ನಾದರೂ ಮನುಷ್ಯ ತಾಳಿಕೊಳ್ಳುತ್ತಾನೆ, ಸುದ್ದಿಯೇ ಇಲ್ಲದ್ದನ್ನ ತಾಳಿಕೊಳ್ಳೋದು ಕಷ್ಟ. ನಿಮ್ಮ ಯಜಮಾನರು ಆ ಪ್ರಸಂಗಿಯ ಮಾತಿಗೆ ಯಾಕೆ ಅಷ್ಟು ಗಟ್ಟಿ ಹಿಡಿದುಕೊಂಡರು ಅನ್ನೋದೂ ಇಲ್ಲೇ ಇದೆ. ಇಷ್ಟು ವರ್ಷದಲ್ಲಿ ಅವರಿಗೆ ಯಾರೂ ಕೊಡದಿದ್ದ ಒಂದು ವಸ್ತುವನ್ನ ಆ ಮನುಷ್ಯ ಕೊಟ್ಟ. ಖಚಿತವಾದ ಒಂದು ಉತ್ತರ.

ಆದರೆ ಆ ಉತ್ತರ ನಿಮ್ಮ ವಾಗ್ದಾನ ಚೀಟಿಯ ಜೊತೆ ಹೊಂದುತ್ತದಾ ಅಂತ ನೋಡೋಣ. ವಾಗ್ದಾನ ಚೀಟಿ ತೆಗೆಯೋದು ತಪ್ಪು ಅಂತ ನಾನು ಹೇಳೋದಿಲ್ಲ, ನಮ್ಮ ಮನೆಯಲ್ಲೂ ತೆಗೆಯುತ್ತೇವೆ, ನನ್ನ ಹೆಂಡತಿ ಅದನ್ನ ಕನ್ನಡಿ ಮೂಲೆಗೆ ಸಿಕ್ಕಿಸುತ್ತಾಳೆ. ಆದರೆ ಯೆರೆಮೀಯ 29 ಒಂದು ಪತ್ರ. ಪತ್ರದಿಂದ ಒಂದೇ ಸಾಲು ಹರಿದುಕೊಂಡರೆ ಏನಾಗುತ್ತದೆ? ನಿಮ್ಮ ತವರಿಂದ ಬಂದ ಕಾಗದದಲ್ಲಿ ‘ಇಲ್ಲಿ ಎಲ್ಲಾ ಆರಾಮ’ ಅನ್ನೋದಷ್ಟೇ ಓದಿ, ಕೆಳಗಿನ ‘ಅಪ್ಪನ್ನ ದವಾಖಾನಿಗೆ ಸೇರಿಸೀವಿ’ ಅನ್ನೋದನ್ನ ಬಿಟ್ಟ ಹಾಗೆ.

ಆ ಪತ್ರ ಹೋಗಿದ್ದು ಯಾರಿಗೆ? ಆಗಲೇ ಊರು ಬಿಟ್ಟವರಿಗೆ. ಬಾಬೆಲಿನ ಅರಸ ನೆಬೂಕದ್ನೆಚ್ಚರ ಯೆರೂಸಲೇಮಿಗೆ ಬಂದು ಅಲ್ಲಿನ ಅರಸನನ್ನ, ಬಡಿಗರನ್ನ, ಕಮ್ಮಾರರನ್ನ ಹಿಡಿದುಕೊಂಡು ಹೋಗಿದ್ದ. ಕ್ರಿಸ್ತಪೂರ್ವ 597ರ ಮಾತು. ಹೋದವರು ಅಲ್ಲಿ ಇವತ್ತೋ ನಾಳೆಯೋ ವಾಪಸ್ ಅಂತ ಗಂಟು ಬಿಚ್ಚದೆ ಕೂತಿದ್ದರು. ಅವರಿಗೆ ಹಾಗೆ ಹೇಳೋರೂ ಇದ್ದರು. ಹಿಂದಿನ ಅಧ್ಯಾಯ ಓದಿ, 28. ಹನನ್ಯ ಅನ್ನೋ ಪ್ರವಾದಿ ದೇವಾಲಯದಲ್ಲಿ ಎಲ್ಲರ ಎದುರು, ಎರಡೇ ವರ್ಷ, ಹೋದ ಪಾತ್ರೆ ಹೋದ ಜನ ಎಲ್ಲಾ ವಾಪಸ್ ಬರುತ್ತಾರೆ ಅಂತ ದೇವರ ಹೆಸರಲ್ಲೇ ಸಾರಿದ. ಯೆರೆಮೀಯನ ಹೆಗಲ ಮೇಲಿದ್ದ ಮರದ ನೊಗ ಕಿತ್ತು ಮುರಿದ. ಜನ ಖುಷಿ ಪಟ್ಟಿರಬೇಕು. ನನಗೆ ಬಹಳ ಹಿಡಿಸೋದು ಯೆರೆಮೀಯ ಅವನಿಗೆ ಮೊದಲು ಕೊಟ್ಟ ಉತ್ತರ. “ಆಮೆನ್, ಕರ್ತನು ಹಾಗೇ ಮಾಡಲಿ” ಅಂದ! ಅವನಿಗೂ ಊರು ಉಳಿಯಲಿ ಅಂತಲೇ ಆಸೆ ಇತ್ತು. ಆಸೆ ಬೇರೆ, ದೇವರು ಹೇಳಿದ್ದು ಬೇರೆ ಅನ್ನೋದು ಅವನಿಗೆ ಗೊತ್ತಿತ್ತು, ಅಷ್ಟೇ.

ಆಮೇಲೆ ಆ ಪತ್ರ. ಮನೆ ಕಟ್ಟಿಕೊಳ್ಳಿ, ವಾಸ ಮಾಡಿ. ತೋಟ ಮಾಡಿ, ಫಲ ತಿನ್ನಿ. ಗಂಡುಮಕ್ಕಳಿಗೆ ಹೆಣ್ಣು ತನ್ನಿ, ಹೆಣ್ಣುಮಕ್ಕಳನ್ನ ಕೊಡಿ. ನಿಮ್ಮನ್ನ ಕಳಿಸಿದ ಆ ಪಟ್ಟಣಕ್ಕೆ ಒಳ್ಳೆಯದಾಗಲಿ ಅಂತ ಪ್ರಾರ್ಥನೆ ಮಾಡಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ. ನಿಮ್ಮ ನಡುವೆ ಇರೋ ಪ್ರವಾದಿಗಳು, ಕಣಿ ಹೇಳೋರು ನಿಮ್ಮನ್ನ ಮೋಸ ಮಾಡದಿರಲಿ. 70 ವರ್ಷ ಆದ ಮೇಲೆ ನಾನು ನಿಮ್ಮನ್ನ ವಾಪಸ್ ಕರೆತರುತ್ತೇನೆ. ಇಷ್ಟೆಲ್ಲಾ ಆದ ಮೇಲೆ ಬರುತ್ತದೆ ನಿಮ್ಮ 11ನೇ ವಚನ, ನಿಮ್ಮ ಬಗ್ಗೆ ನನಗಿರೋ ಯೋಚನೆ ಕೇಡಿನದ್ದಲ್ಲ, ಹಿತದ್ದು ಅನ್ನೋದು. 70 ವರ್ಷ ಅಂದರೆ, ಪತ್ರ ಓದಿದ ದೊಡ್ಡವರಲ್ಲಿ ಬಹಳ ಜನ ಬಾಬೆಲಲ್ಲೇ ಸತ್ತಿರುತ್ತಾರೆ. ಅವರಿಗೂ ಆ ವಾಗ್ದಾನ ಸೇರಿತ್ತು.

ಹಾಗಾದರೆ ನಿಮ್ಮ ಚೀಟಿಯಲ್ಲಿ ಬಂದ ವಚನ ಊರಿಂದ ಎಬ್ಬಿಸಲ್ಪಟ್ಟವರಿಗೆ ‘ಹೋದ ಕಡೆ ಬೇರು ಬಿಡಿ, ಅಲ್ಲೂ ನಾನಿದ್ದೇನೆ’ ಅಂತ ಹೇಳಿದ ಮಾತು. ಅದನ್ನ ಹಿಡಿದು ‘ಅಲುಗಾಡಬೇಡಿ, ಏನೂ ಆಗಲ್ಲ’ ಅನ್ನೋರು ಯೆರೆಮೀಯನ ವಚನ ಓದುತ್ತಾ ಹನನ್ಯನ ಪ್ರಸಂಗ ಮಾಡುತ್ತಿದ್ದಾರೆ.

ಆ ಪ್ರಸಂಗಿ ಮೋಸಗಾರನೇ ಅಂತ ನಾನು ಹೇಳಲಾರೆ, ಆತನನ್ನ ನೋಡಿಲ್ಲ. ಒಳ್ಳೆ ಮನಸ್ಸಿನವರೂ ಹೀಗೆ ಜಾರುತ್ತಾರೆ, ನಾನೂ ಜಾರಿದ್ದೇನೆ. 2009ರ ಮಳೆ ನಿಮಗೆ ನೆನಪಿರುತ್ತೆ. ಆಗ ನಾನು ನದಿ ದಡದ ಒಂದು ಸಭೆಯಲ್ಲಿದ್ದೆ. ರಾತ್ರಿಯೆಲ್ಲಾ ಮಳೆ, ಮಣ್ಣಿನ ಗೋಡೆಯ ಮನೆ, ಒಬ್ಬ ಹಿರಿಯರು “ಮನಿ ಉಳೀತದೇನ್ರೀ ಪಾಸ್ಟರ್?” ಅಂದರು. “ಉಳಿಯುತ್ತೆ, ಪ್ರಾರ್ಥನೆ ಮಾಡಿದ್ದೇವಲ್ಲ” ಅಂದುಬಿಟ್ಟೆ. ಬೆಳಗಾಗೋದರೊಳಗೆ ಹಿಂದಿನ ಗೋಡೆ ಕುಸಿಯಿತು. ಪುಣ್ಯಕ್ಕೆ ಅವರು ದನದ ಕಡೆ ಎದ್ದು ಹೋಗಿದ್ದರು. ಮುಂದೆ ಎರಡು ವರ್ಷ ಅವರು ಚರ್ಚಿನಲ್ಲಿ ಕೊನೆಯ ಬೆಂಚಲ್ಲಿ ಕೂತರು. ಒಂದಿನ ನಾನೇ ಹೋಗಿ ಕ್ಷಮೆ ಕೇಳಿದಾಗ, “ಸಿಟ್ಟೇನಿಲ್ರಿ. ಗೊತ್ತಿಲ್ಲ ಅನಬೇಕಿತ್ತು ನೀವು” ಅಂದರು. ಅವತ್ತಿಂದ ‘ಗೊತ್ತಿಲ್ಲ’ ಅನ್ನೋದನ್ನ ಕಲಿಯುತ್ತಿದ್ದೇನೆ. ಸಭಾಪಾಲಕರಿಗೆ ಅದು ಬೇಗ ಬರೋದಿಲ್ಲ.

ಒಂದು ಗುರುತು ಇಟ್ಟುಕೊಳ್ಳಿ. ದೇವರ ಹೆಸರಲ್ಲಿ ಮುಂದಾಗೋದನ್ನ ಹೇಳಿದವರು ಅದು ಸುಳ್ಳಾದರೆ ಏನು ಕಳೆದುಕೊಳ್ಳುತ್ತಾರೆ? ಧರ್ಮೋಪದೇಶಕಾಂಡ 18ರಲ್ಲಿ ಪ್ರವಾದಿ ಹೇಳಿದ್ದು ಆಗದಿದ್ದರೆ ಅದು ದೇವರ ಮಾತಲ್ಲ, ಅವನಿಗೆ ಹೆದರಬೇಡಿ ಅಂತಿದೆ. ನಿಮ್ಮ ಊರಿನ ವಿಷಯದಲ್ಲಿ ಮಾತು ಸುಳ್ಳಾದರೆ ಆತ ಬೇರೆ ಊರಲ್ಲಿರುತ್ತಾನೆ, ನೀವು ಅಳತೆ ತಪ್ಪಿಸಿಕೊಂಡ ಹೊಲದಲ್ಲಿರುತ್ತೀರಿ. ಕೊಟ್ಟ 20 ಸಾವಿರ ಹೋಯಿತು ಅಂತ ಬಿಟ್ಟುಬಿಡಿ. ಎರಡನೇ ಕಂತು ಮಾತ್ರ ಕೊಡಬೇಡಿ.

ಸೈತಾನ ಯೇಸುವನ್ನ ದೇವಾಲಯದ ತುದಿಗೆ ನಿಲ್ಲಿಸಿ ಕೆಳಗೆ ಧುಮುಕು ಅಂದಾಗ ಯಾವ ಗ್ರಂಥದಿಂದ ಮಾತು ತೆಗೆದ? 91ನೇ ಕೀರ್ತನೆಯಿಂದಲೇ. ದೂತರು ನಿನ್ನನ್ನ ಕೈಯಲ್ಲಿ ಎತ್ತಿಕೊಳ್ಳುತ್ತಾರೆ ಅಂತ. ವಚನ ಸರಿಯೇ ಇತ್ತು. ನಿನ್ನ ದೇವರನ್ನ ಪರೀಕ್ಷಿಸಬಾರದು ಅಂತ ಯೇಸು ಮೆಟ್ಟಿಲು ಇಳಿದು ಬರೋ ದಾರಿ ಆರಿಸಿಕೊಂಡ. (ಮೆಟ್ಟಿಲು ಅಂತ ಅಲ್ಲಿ ಬರೆದಿಲ್ಲ, ನಾನು ಸೇರಿಸಿದ್ದು. ಆದರೆ ಹಾರದಿದ್ದವನು ಹೇಗಾದರೂ ಇಳಿಯಲೇಬೇಕಲ್ವಾ!)

ಮೂರನೇ ಪ್ರಶ್ನೆ, ಸಹಿ. ಇದಕ್ಕೂ ಉತ್ತರ ಯೆರೆಮೀಯನ ಹತ್ತಿರವೇ ಇದೆ. 32ನೇ ಅಧ್ಯಾಯ. ಬಾಬೆಲಿನ ಸೈನ್ಯ ಊರು ಸುತ್ತುವರಿದಿದೆ, ಯೆರೆಮೀಯ ಸೆರೆಯಲ್ಲಿದ್ದಾನೆ, ಆಗ ಅನಾತೋತಿನ ಒಂದು ಹೊಲವನ್ನ 17 ಶೆಕೆಲ್ ಬೆಳ್ಳಿ ತೂಗಿ ಕೊಂಡುಕೊಳ್ಳುತ್ತಾನೆ. ಸಾಕ್ಷಿಗಳ ಮುಂದೆ ಕ್ರಯಪತ್ರ ಬರೆಸಿ, ಮುದ್ರೆ ಒತ್ತಿದ್ದು ಒಂದು, ತೆರೆದಿದ್ದು ಒಂದು, ಎರಡೂ ಪ್ರತಿಗಳನ್ನ ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ, ಬಹಳ ದಿನ ಉಳಿಯಲಿ ಅಂತ. ಊರಿಗೆ ಊರೇ ಹೋಗುತ್ತೆ ಅಂತ ಗೊತ್ತಿದ್ದವನು, ದೇವರನ್ನ ಅಷ್ಟು ನಂಬಿದವನು, ಕಾಗದಪತ್ರದಲ್ಲಿ ಎಷ್ಟು ಜೋಪಾನ ನೋಡಿ.

ಯಜಮಾನರಿಗೆ ಇದೊಂದು ಅಧ್ಯಾಯ ಓದಿ ಹೇಳಿ. ಪ್ರಸಂಗಿಯ ಬಗ್ಗೆ ಜಗಳ ತೆಗೆಯಬೇಡಿ, ತೆಗೆದರೆ ಅವರು ಆತನ ಪಕ್ಷಕ್ಕೆ ಇನ್ನೂ ಗಟ್ಟಿಯಾಗಿ ನಿಲ್ಲುತ್ತಾರೆ. ಅಪ್ಪನ ಹೊಲ ಕೈ ಬಿಡೋದು ಗಂಡಸರಿಗೆ ಒಂಥರಾ ಸೋಲು, ಅದನ್ನ ಬಾಯಿಬಿಟ್ಟು ಹೇಳೋಕೆ ಬರೋದಿಲ್ಲ, ನಂಬಿಕೆಯ ಮಾತಿನಲ್ಲಿ ಸುತ್ತಿ ಇಡುತ್ತಾರೆ. ‘ನೋಟಿಸ್ ತೆಗೆದುಕೊಂಡರೆ ಒಪ್ಪಿಕೊಂಡ ಹಾಗಲ್ಲ’ ಅನ್ನೋದನ್ನ ಮಾತ್ರ ನಿಧಾನಕ್ಕೆ ಹೇಳಿ. ಇದು ಕಾನೂನಿನ ಪ್ರಕಾರವೂ ನಿಜ. 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಪ್ರಾಥಮಿಕ ಅಧಿಸೂಚನೆ ಬಂದ ಮೇಲೆ ಆಕ್ಷೇಪಣೆ ಕೊಡೋಕೆ 60 ದಿನ ಇರುತ್ತದೆ. ಐತೀರ್ಪು, ಅಂದರೆ ಪರಿಹಾರ ಇಷ್ಟು ಅಂತ ಗೊತ್ತುಮಾಡೋ ಆದೇಶ, ಬಂದ ಮೇಲೆ ಪರಿಹಾರ ಕಡಿಮೆ ಆಯಿತು ಅನ್ನಿಸಿದರೆ ಆರು ವಾರದೊಳಗೆ ಅರ್ಜಿ ಹಾಕಬೇಕು. ಐತೀರ್ಪಿನ ದಿನ ಅಲ್ಲಿ ಇಲ್ಲದಿದ್ದವರಿಗೆ ಲೆಕ್ಕ ಸ್ವಲ್ಪ ಬೇರೆ, ವಕೀಲರನ್ನ ಕೇಳಿ. ತಕರಾರು ದಾಖಲಿಸಿಯೇ ದುಡ್ಡು ಪಡೆಯೋಕೂ ದಾರಿ ಇದೆ. ಆದರೆ ಒಪ್ಪಿಗೆ ಐತೀರ್ಪು ಅಂತ ಸಹಿ ಹಾಕಿದರೆ ಮುಂದೆ ಜಾಸ್ತಿ ಕೇಳೋ ಬಾಗಿಲು ಸಾಮಾನ್ಯವಾಗಿ ಮುಚ್ಚುತ್ತದೆ, ಓದಿಸಿ ಕೇಳದೆ ಯಾವುದಕ್ಕೂ ಸಹಿ ಬೇಡ. ನೋಡಿ, ಸಹಿ ಬೇಡ ಅಂತ ನಾನೂ ಹೇಳುತ್ತಿದ್ದೇನೆ, ಕಾರಣ ಮಾತ್ರ ಬೇರೆ.

ಅಳತೆಯ ದಿನ ಹೊಲದ ಯಜಮಾನನೇ ಇಲ್ಲದಿದ್ದರೆ ಬಾವಿ, ಪೈಪ್‌ಲೈನ್, ಬದುವಿನ ಬೇವಿನ ಮರ, ದನದ ಕೊಟ್ಟಿಗೆ ಲೆಕ್ಕಕ್ಕೆ ಬಿಟ್ಟು ಹೋಗಬಹುದು. ಇವಕ್ಕೆಲ್ಲ ಬೇರೆ ಬೇರೆ ಬೆಲೆ ಕಟ್ಟುತ್ತಾರೆ. ಏನೇನು ಬರೆದುಕೊಂಡು ಹೋಗಿದ್ದಾರೆ ಅಂತ ಬಾಗಲಕೋಟೆ ನವನಗರದ ಭೂಸ್ವಾಧೀನ ಕಚೇರಿಯಲ್ಲಿ ಬರವಣಿಗೆಯಲ್ಲಿ ಕೇಳಿ, ಬಿಟ್ಟಿದ್ದರೆ ಮರು ಅಳತೆಗೆ ಅರ್ಜಿ ಕೊಡಿ. ಇನ್ನೊಂದು, ಉತಾರ (ಪಹಣಿ) ತೆಗೆಸಿ ನೋಡಿ. ಇನ್ನೂ ಮಾವನವರ ಹೆಸರೇ ಇದ್ದರೆ ಮೊದಲು ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಿಸಿ. ಯಜಮಾನರಿಗೆ ಅಕ್ಕತಂಗಿಯರಿದ್ದರೆ ಅವರ ಪಾಲಿನ ಮಾತನ್ನ ಈಗಲೇ, ದುಡ್ಡು ಬರೋಕೆ ಮೊದಲೇ ಆಡಿ. ಮುಳುಗಡೆಯ ನೀರಿಗಿಂತ ಪರಿಹಾರದ ದುಡ್ಡಿಗೆ ಒಡೆದ ಮನೆಗಳನ್ನ ನಾನು ಜಾಸ್ತಿ ನೋಡಿದ್ದೇನೆ.

ಮುಂದೆ ಎಲ್ಲಿಗೆ ಅನ್ನೋದಕ್ಕೆ ನಿಮ್ಮ ಎದುರು ಮೂರು ದಾರಿ ಕಾಣುತ್ತವೆ. ಪುನರ್ವಸತಿ ಕೇಂದ್ರ, ಬೇರೆ ಕಡೆ ಹೊಲ ಕೊಂಡುಕೊಳ್ಳೋದು, ಇಲ್ಲಾ ಮಗನ ಹತ್ತಿರ. ಬೆಂಗಳೂರಿನದ್ದು ಮೊದಲು ಹೇಳಿಬಿಡುತ್ತೇನೆ. ಮಗ ಪ್ರೀತಿಯಿಂದಲೇ ಕರೆಯುತ್ತಿದ್ದಾನೆ, ಆದರೆ 74 ವರ್ಷದ ಹೆಂಗಸನ್ನ ಮೂರನೇ ಮಹಡಿಯಲ್ಲಿ ಕೂರಿಸಿದರೆ, ಕಟ್ಟೆ ಇಲ್ಲ, ಎಮ್ಮೆ ಇಲ್ಲ, ಮಾತಾಡೋಕೆ ಜನ ಇಲ್ಲ. ಎರಡು ತಿಂಗಳು ಹೋಗಿ ಇದ್ದು ನೋಡಿ, ಸರಿ ಕಂಡರೆ ಉಳಿಯಿರಿ. ಒಮ್ಮೆಲೇ ಎಲ್ಲಾ ಮಾರಿಕೊಂಡು ಹೋಗಬೇಡಿ. ಬೇರೆ ಕಡೆ ಹೊಲ ಕೊಳ್ಳೋದು ನಿಮ್ಮಂಥ ಒಕ್ಕಲುತನದವರಿಗೆ ಒಳ್ಳೆಯದೇ, ಆದರೆ ಪರಿಹಾರ ಬಂತು ಅಂತ ಗೊತ್ತಾದ ಕೂಡಲೇ ಸುತ್ತಮುತ್ತ ಎಕರೆ ರೇಟು ಏರುತ್ತದೆ, ದಲ್ಲಾಳಿಗಳು ಮನೆ ಬಾಗಿಲಿಗೇ ಬರುತ್ತಾರೆ, ಬೈಕು ಮಾರೋರೂ ಬರುತ್ತಾರೆ, ಆ ಪ್ರಸಂಗಿಯೂ ದಶಾಂಶ ಕೇಳೋಕೆ ಬಂದಾನು. ಬಂದ ದುಡ್ಡನ್ನ ಇಬ್ಬರ ಹೆಸರಿನ ಖಾತೆಯಲ್ಲಿ ಆರು ತಿಂಗಳು ಸುಮ್ನೆ ಠೇವಣಿ ಇಡಿ. ಆರು ತಿಂಗಳಲ್ಲಿ ಎಷ್ಟು ಜನರ ಮುಖ ಬದಲಾಗುತ್ತೆ ಅಂತ ನೀವೇ ನೋಡುತ್ತೀರಿ.

ಪುನರ್ವಸತಿ ಕೇಂದ್ರಕ್ಕೆ ಹೋಗೋದಾದರೆ ಒಂದೇ ಮಾತು, ನಿಮ್ಮ ಸಭೆಯ ಕುಟುಂಬಗಳು ಒಟ್ಟಿಗೆ ನಿವೇಶನ ಕೇಳಿ. 2009ರ ಪ್ರವಾಹ ಆದ ಮೇಲೆ ಕಟ್ಟಿದ ಆಸರೆ ಮನೆಗಳಲ್ಲಿ ಕೆಲವು ಖಾಲಿ ಬಿದ್ದಿದ್ದನ್ನ ನಾನು ಕಂಡಿದ್ದೇನೆ. ದನ ಕಟ್ಟೋಕೆ ಜಾಗ ಇಲ್ಲ, ಹೊಲ ದೂರ, ಪಕ್ಕದ ಮನೆಯವರು ಯಾರೋ ಏನೋ. ಹೊಸ ಜಾಗದಲ್ಲಿ ಮೊದಲ ವರ್ಷ ಅತಿ ಹೆಚ್ಚು ಒದ್ದಾಡೋರು ಹೆಣ್ಣುಮಕ್ಕಳೇ, ಹಿಟ್ಟಿನ ಗಿರಣಿ ಎಲ್ಲಿ ಅನ್ನೋದರಿಂದ ಹಿಡಿದು ಸಂಜೆ ಯಾರ ಹತ್ತಿರ ಕೂರೋದು ಅನ್ನೋವರೆಗೆ. ಐದೇ ಮನೆ ಇದ್ದರೂ ಒಂದೇ ಸಾಲಿನಲ್ಲಿ ಇದ್ದರೆ ಸಭೆ ಬದುಕುತ್ತದೆ. ಪ್ರಾರ್ಥನಾ ಮಂದಿರದ ಜಾಗ ಯಾರ ಹೆಸರಲ್ಲಿದೆ ಅಂತಲೂ ನೋಡಿ, ನಿಮ್ಮ ಸಭಾಪಾಲಕರ ಮೂಲಕ ಮೇಲಿನವರಿಗೆ ಈಗಲೇ ಬರೆಯಿಸಿ. ಕಟ್ಟಡದ ಪರಿಹಾರ ಬಂದು ಹೊಸ ಕಟ್ಟಡ ಮಾತ್ರ ಎದ್ದೇ ಇಲ್ಲ ಅಂತಾಗಬಾರದು.

ಏನೂ ಮಾಡದೆ ಕಡೇ ದಿನದವರೆಗೂ ಕೂರೋದು ನಾಲ್ಕನೇ ದಾರಿ. ಈಗ ನೀವಿರೋದು ಅದರಲ್ಲೇ.

ದೇವರ ಮಂದಿರ ಬಿಟ್ಟು ಹೋದರೆ ದೇವರನ್ನೂ ಬಿಟ್ಟು ಹೋದ ಹಾಗೆ ಅಂತ ಒಳಗೊಳಗೆ ಒಂದು ಅಳುಕು ಇರುತ್ತದಲ್ಲ, ಅದು ಬಹಳ ಹಳೇ ಅಳುಕು. ಯೆರೂಸಲೇಮಿನವರಿಗೂ ಇತ್ತು. ಬಾಬೆಲಿಗೆ ಹೋದವರಲ್ಲಿ ಯೆಹೆಜ್ಕೇಲ ಅನ್ನೋ ಯಾಜಕನೂ ಇದ್ದ. ದೇವಾಲಯ ಇಲ್ಲದ ಊರಲ್ಲಿ ಯಾಜಕನಿಗೆ ಏನು ಕೆಲಸ ಹೇಳಿ? ಅವನು ಕೆಬಾರ್ ಅನ್ನೋ ಕಾಲುವೆಯ ದಡದಲ್ಲಿ ಇದ್ದಾಗ ದೇವರ ಸಿಂಹಾಸನ ಕಾಣಿಸಿತು, ಅದಕ್ಕೆ ಚಕ್ರಗಳಿದ್ದವು. ಚಕ್ರದೊಳಗೆ ಚಕ್ರ ಅನ್ನೋದಕ್ಕೆ ಜನ ಏನೇನೋ ಅರ್ಥ ಹೇಳುತ್ತಾರೆ. ನನಗೆ ಮಾತ್ರ, ಆರು ಸಲ ವರ್ಗಾವಣೆಯಲ್ಲಿ ಟೆಂಪೋದಲ್ಲಿ ಸಾಮಾನು ಹೇರಿಕೊಂಡು ಹೋದವನಿಗೆ, ಇಷ್ಟೇ ಅರ್ಥ ಆಗುತ್ತದೆ. ಅದು ಒಂದೇ ಕಡೆ ಹೂತಿಟ್ಟ ಕುರ್ಚಿಯಲ್ಲ, ಉರುಳಿಕೊಂಡು ಇಲ್ಲಿಗೂ ಬರುತ್ತದೆ.

ನಿಮ್ಮ ತವರಿನವರಿಗೂ ಇದು ಹೊಸದಲ್ಲ. ಬಾಸೆಲ್ ಮಿಷನ್ ಗುಳೇದಗುಡ್ಡಕ್ಕೆ ಬಂದಿದ್ದು 1851ರಲ್ಲಿ. ಮೊದಲು ನಂಬಿದವರು ಎಷ್ಟೋ ಜನ ತಮ್ಮ ಓಣಿಯನ್ನ, ಬಳಗವನ್ನ, ಕೊಟ್ಟುತರೋದನ್ನ ಕಳೆದುಕೊಂಡರು. ಆಮೇಲೆ ಖಣದ ಕೈಮಗ್ಗ ಸೊರಗಿತು, ಎಷ್ಟೋ ಮನೆಗಳಲ್ಲಿ ಮಗ್ಗದ ಕುಣಿ ಮುಚ್ಚಿತು. ಎಲ್ಲರ ಕಥೆಯೂ ಚೆನ್ನಾಗಿ ಮುಗಿಯಿತು ಅಂತ ನಾನು ಹೇಳೋದಿಲ್ಲ, ಪುಣೆಗೆ ಹೋಗಿ ಕಷ್ಟಪಟ್ಟವರೂ ಇದ್ದಾರೆ. ನಿಮ್ಮ ಅಜ್ಜಿಯಂಥವರು ಬದುಕಿದ್ದರೆ ಕೂತು ಕೇಳಿ, ಆಗ ಏನು ಮಾಡಿದಿರಿ ಅಂತ. ಪ್ರಸಂಗಕ್ಕಿಂತ ಅದು ಉಪಯೋಗಕ್ಕೆ ಬರುತ್ತದೆ. ನಿಮ್ಮ ಪಕ್ಕದ ಲಿಂಗಾಯತ ಮನೆಯವರ ಜೊತೆಯೂ ಮಾತಾಡಿ, ಅವರ ಗುಡಿ, ಅವರ ಹಿರಿಯರ ಗದ್ದುಗೆಗಳೂ ಮುಳುಗೋದೇ ಅಲ್ವಾ. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯ ಮಂಟಪ ನೀರಿಗೆ ಹೋಗಬಾರದು ಅಂತ ಸುತ್ತ ಬಾವಿಯ ಹಾಗೆ ಗೋಡೆ ಎತ್ತಿದ್ದಾರೆ, ಹೊರಗೆ ಹಿನ್ನೀರು, ಒಳಗೆ ಮೆಟ್ಟಿಲಿಳಿದು ಹೋಗಬೇಕು. ಎಲ್ಲರ ಸಮಾಧಿಗೂ ಹಾಗೆ ಗೋಡೆ ಕಟ್ಟೋಕೆ ಆಗೋದಿಲ್ಲ. ಆದರೆ ಆ ನೋವು ನಿಮ್ಮೊಬ್ಬರದ್ದೇ ಅಲ್ಲ ಅಂತ ಗೊತ್ತಾದರೆ ಅತ್ತೆಯವರು ಕಟ್ಟೆಯ ಮೇಲೆ ಕೂತು ಮಾತಾಡಿಯಾರು.

ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ ಅಂದಿರಿ. ಬರದಿದ್ದರೆ ಮಾಡಬೇಡಿ, 88ನೇ ಕೀರ್ತನೆಯನ್ನ ಗಟ್ಟಿಯಾಗಿ ಓದಿ. 150ರಲ್ಲಿ ಸುಮಾರು ಮೂರನೇ ಒಂದು ಪಾಲು ಕೀರ್ತನೆಗಳು ಗೋಳಾಟವೇ, ಆದರೆ ಜಾಸ್ತಿ ಕೀರ್ತನೆಗಳು ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. 88 ತಿರುಗೋದೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನ ಯಾರೂ ಬೈಬಲಿನಿಂದ ತೆಗೆದು ಹಾಕಲಿಲ್ಲ. ಸ್ತ್ರೀ ಸಂಘದಲ್ಲಿ ಸುಮ್ನೆ ಕೂತು ಬನ್ನಿ, ಬೇರೆಯವರು ನಿಮ್ಮ ಪರವಾಗಿ ಪ್ರಾರ್ಥನೆ ಮಾಡಲಿ, ‘ಆಮೆನ್’ ಅನ್ನೋಕೂ ಆಗದಿದ್ದರೆ ಬೇಡ. ಸಾಕ್ಷಿ ಹೇಳು ಅಂತ ಯಾರಾದರೂ ಎಬ್ಬಿಸಿದರೆ ಗಂಟಲು ನೋವು ಅನ್ನಿ.

ಇಸ್ರಾಯೇಲರಿಗೆ ಮರುಭೂಮಿಯಲ್ಲಿ ಆಕಾಶದಿಂದ ಮನ್ನ ಅನ್ನೋ ಆಹಾರ ಬೀಳುತ್ತಿದ್ದದ್ದು ಒಂದು ದಿನಕ್ಕಾಗುವಷ್ಟು. ನಾಳೆಗೂ ಇರಲಿ ಅಂತ ಎತ್ತಿಟ್ಟರೆ ಹುಳ ಬೀಳುತ್ತಿತ್ತು, ಸಬ್ಬತ್ ಅನ್ನೋ ವಿಶ್ರಾಂತಿ ದಿನದ ಹಿಂದಿನ ದಿನ ಬಿಟ್ಟು. ಹಾಗಾಗಿ ಈ ವಾರಕ್ಕೆ ನಿಮಗೆ ನಾನು ಮೂರೇ ಕೆಲಸ ಹೇಳುತ್ತೇನೆ, ಡಾಕ್ಟರು, ಉತಾರ, ಆ ನೋಟಿಸನ್ನ ಬಿಚ್ಚಿ ಓದೋದು. ಮುಂದಿನ ವರ್ಷ ಎಲ್ಲಿರುತ್ತೇವೆ ಅನ್ನೋದನ್ನ ರಾತ್ರಿ ಮೂರು ಗಂಟೆಗೆ ಬಿಡಿಸೋಕೆ ಹೋಗಬೇಡಿ, ಆ ಹೊತ್ತಿನಲ್ಲಿ ಯಾವ ಕಚೇರಿಯೂ ತೆರೆದಿರೋದಿಲ್ಲ. ಎದ್ದು ನೀರು ಕುಡಿಯಿರಿ, ಎಮ್ಮೆ ನೋಡಿ ಬನ್ನಿ.

ಕೊನೆಗೆ ಮಾವನವರು. ನಾಲ್ಕು ಪ್ರಶ್ನೆಯಲ್ಲಿ ಇದಕ್ಕೇ ನಾನು ಜಾಸ್ತಿ ಯೋಚನೆ ಮಾಡಿದೆ. ಅತ್ತೆಯವರಿಗೆ ‘ಅಲ್ಲಿರೋದು ಬರೀ ಮಣ್ಣು, ಆತ್ಮ ಪರಲೋಕದಲ್ಲಿದೆ’ ಅಂತ ಬುದ್ಧಿ ಹೇಳಬೇಡಿ. ಅದು ಅವರಿಗೆ ಗೊತ್ತಿಲ್ಲ ಅಂತ ಅಂದುಕೊಂಡಿದ್ದೀರಾ? ಯೋಸೇಫ ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ಸಾಯುವಾಗ, ನೀವು ಇಲ್ಲಿಂದ ಹೋಗುವಾಗ ನನ್ನ ಎಲುಬುಗಳನ್ನ ಒಯ್ಯಿರಿ ಅಂತ ಆಣೆ ಮಾಡಿಸಿಕೊಂಡ. ಜನ ಐಗುಪ್ತ ಬಿಟ್ಟು ಹೊರಟ ಅಷ್ಟು ಗಡಿಬಿಡಿಯ ಆ ರಾತ್ರಿಯಲ್ಲೂ ಮೋಶೆ ಅದನ್ನ ಮರೆಯಲಿಲ್ಲ, 40 ವರ್ಷ ಹೊತ್ತು ತಿರುಗಿದರು, ಕೊನೆಗೆ ಶೆಕೆಮಿನಲ್ಲಿ ಹೂಳಿದರು. ಒಯ್ಯಬೇಕು ಅನ್ನೋ ಆಸೆ ಅಪನಂಬಿಕೆ ಅಲ್ಲ. ಹಾಗಂತ ನೀವೇ ಅಗೆಯೋಕೆ ಹೋಗಬೇಡಿ, ಅದಕ್ಕೆ ಸರ್ಕಾರದ ಅನುಮತಿ ಬೇಕು, ಸಭೆಯ ಹಿರಿಯರ ಜೊತೆ ತಹಶೀಲ್ದಾರ್ ಕಚೇರಿಯಲ್ಲಿ ಕೇಳಿ. ಅಲ್ಲೇ ಬಿಡೋದಾದರೆ, ಪ್ರಕಟನೆ 20ರಲ್ಲಿ ಸಮುದ್ರವೂ ತನ್ನೊಳಗಿದ್ದ ಸತ್ತವರನ್ನ ಒಪ್ಪಿಸಿತು ಅಂತ ಒಂದು ಮಾತಿದೆ. ಸಮುದ್ರಕ್ಕೇ ಒಪ್ಪಿಸದೆ ವಿಧಿ ಇಲ್ಲದಿದ್ದ ಮೇಲೆ ಕೃಷ್ಣೆಯ ಹಿನ್ನೀರು ಎಷ್ಟರದ್ದು.

ಯಾವುದೇ ಆದರೂ, ಹೊರಡೋ ಮೊದಲು ಸಮಾಧಿಯ ಹತ್ತಿರ ಒಂದು ಆರಾಧನೆ ಇಟ್ಟುಕೊಳ್ಳಿ. ಮಗನೂ ಬರಲಿ. ನಿಮ್ಮ ಸಭಾಪಾಲಕರು ಒಪ್ಪಿದರೆ ನಾನೂ ಬರುತ್ತೇನೆ, ವಿಜಯಪುರದಿಂದ ದೂರ ಏನಿಲ್ಲ. ಹೆಸರು ಕೆತ್ತಿದ ಕಲ್ಲು ಒಯ್ಯೋದಾ, ಒಂದು ಬೊಗಸೆ ಮಣ್ಣು ಒಯ್ಯೋದಾ, ಏನೂ ಮುಟ್ಟದೆ ಬರೋದಾ ಅನ್ನೋದನ್ನ ಮಾತ್ರ ನಾನಾಗಲಿ, ನೀವಾಗಲಿ, ಯಜಮಾನರಾಗಲಿ ಹೇಳೋದು ಬೇಡ. ಅತ್ತೆಯವರನ್ನ ಕೇಳಿ. ಈ ಮುಳುಗಡೆಯ ವಿಷಯದಲ್ಲಿ ಇಷ್ಟು ವರ್ಷ ಅವರನ್ನ ಯಾರೂ ಏನೂ ಕೇಳಿರಲಾರರು.